ಡಿಕ್ಸ್ ಪಾಸ್ ಮೇಲೆ ಹಿಮ ಎಷ್ಟಿದೆ? ಹತ್ತು ವಾರ ಹುಡುಕಿದ ಉತ್ತರ

ನಿನ್ನೆ, 2024ರ ಜೂನ್ 9ರ ಭಾನುವಾರ ರಾತ್ರಿ ಹತ್ತು ಗಂಟೆಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಮನೆ ಸೇರಿದೆವು. ನಾಲ್ಕು ಜೊತೆ ಒದ್ದೆ ಬೂಟಿನೊಳಗೆ ಪೇಪರ್ ತುರುಕಿ ಗ್ಯಾರೇಜಿನಲ್ಲಿ ಸಾಲಾಗಿ ಇಟ್ಟಿದ್ದೇನೆ. ಬಲಗಾಲಿನ ಕಣಕಾಲಲ್ಲಿ ಮೂರು ಬೆರಳಗಲ ತರಚಿದ ಗಾಯ ಇನ್ನೂ ಉರಿಯುತ್ತಿದೆ. ಬೆಟ್ಟದಲ್ಲಿ ನಡೆದದ್ದು ಮೂರೇ ದಿನ. ಆದರೆ ಅದಕ್ಕೆ ಮುಂಚೆ ಹತ್ತು ವಾರ, 'ಮೇಲೆ ಹಿಮ ಎಷ್ಟಿದೆ, ಈ ದಾರಿಯಲ್ಲಿ ಹೋಗಬಹುದೋ ಇಲ್ಲವೋ' ಎಂದು ತಿಳಿದುಕೊಳ್ಳುವುದಕ್ಕೆ ಪಟ್ಟ ಪಾಡು ನಡಿಗೆಗಿಂತ ದೊಡ್ಡದಾಗಿತ್ತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಳೆ ಗೊತ್ತು, ಜಿಗಣೆ ಗೊತ್ತು, ಜಾರುವ ಪಾಚಿ ಗೊತ್ತು. ಬೆಟ್ಟದ ಮೇಲೆ ಜೂನ್ ತಿಂಗಳಲ್ಲೂ ಹಿಮ ಕೂತಿರುತ್ತದೆ ಅನ್ನುವುದು ನಮ್ಮ ಮೈಗೆ ಗೊತ್ತಿಲ್ಲ. ಇಲ್ಲಿನ ನಮ್ಮವರು ಎಷ್ಟೋ ಜನ ಬೇಸಿಗೆ ಶುರುವಾಯಿತೆಂದು ಮೇ ಕೊನೆಗೆ ಸಿಯೆರಾ ಬೆಟ್ಟಗಳಿಗೆ ಹೊರಡುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು, ಮರೆಯುವ ಮೊದಲು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಹೋದವರು ನಾಲ್ಕು ಜನ: ನಾನು, ನನ್ನ ಗಂಡ, ಮೈದುನ, ವಾರಗಿತ್ತಿ. ಜಾಗ ಡೆಸೊಲೇಷನ್ ವೈಲ್ಡರ್‌ನೆಸ್. ಟಾಹೋ ಸರೋವರದ ನೈಋತ್ಯಕ್ಕೆ ಸುಮಾರು 64,000 ಎಕರೆ ಹರಡಿರುವ ಬಂಡೆ, ಕೆರೆ, ಕಾಡು. ನಮ್ಮ ಯೋಜನೆ ಹೀಗಿತ್ತು: ಎಕೋ ಲೇಕ್ಸ್‌ನಲ್ಲಿ ಹತ್ತಲು ಶುರು ಮಾಡಿ, ಅಲೋಹಾ ಕೆರೆಯ ಬಳಿ ಮೊದಲ ರಾತ್ರಿ. ಮರುದಿನ ಹೆದರ್ ಕೆರೆ, ಸೂಸಿ ಕೆರೆ ದಾಟಿ, ಸುಮಾರು 9,400 ಅಡಿ ಎತ್ತರದ ಡಿಕ್ಸ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ಹತ್ತಿ ಇಳಿದು ವೆಲ್ಮಾ ಕೆರೆಗಳ ಬಳಿ ಎರಡನೇ ರಾತ್ರಿ. ಮೂರನೇ ದಿನ ಎಮರಾಲ್ಡ್ ಬೇ ಕಡೆ ಇಳಿದುಬಿಡುವುದು. ಒಂದು ಕಾರು ಈ ಕಡೆ, ಒಂದು ಕಾರು ಆ ಕಡೆ.

ಇಲ್ಲಿ ರಾತ್ರಿ ತಂಗಬೇಕಾದರೆ ಪರ್ಮಿಟ್ ಬೇಕೇ ಬೇಕು. ರಿಕ್ರಿಯೇಷನ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮೈದುನ ಮೊದಲೇ ಕಾದು ಕೂತು, ಜೂನ್ 7ರ ಶುಕ್ರವಾರಕ್ಕೆ ತೆಗೆದುಕೊಂಡ. ಬುಕಿಂಗ್‌ಗೆ 6 ಡಾಲರ್, ತಲೆಗೆ 10ರಂತೆ 40, ಒಟ್ಟು 46 ಡಾಲರ್. ಬುಕಿಂಗ್ ದುಡ್ಡು ವಾಪಸ್ ಬರುವುದಿಲ್ಲ. ಇಡೀ ಪ್ರದೇಶವನ್ನು 45 ವಲಯಗಳಾಗಿ ವಿಂಗಡಿಸಿದ್ದಾರೆ, ನೀವು ಮೊದಲ ರಾತ್ರಿ ಯಾವ ವಲಯದಲ್ಲಿ ಮಲಗುತ್ತೀರೋ ಅದರ ಮೇಲೆ ಪರ್ಮಿಟ್ ನಿಂತಿದೆ. ಇದನ್ನು ಆಗ ನಾವು ಅಷ್ಟಾಗಿ ಗಮನಿಸಲಿಲ್ಲ. ಕೊನೆಗೆ ನಮ್ಮನ್ನು ಉಳಿಸಿದ್ದೇ ಇದು. ಮೊದಲ ರಾತ್ರಿಗೆ ಅಲೋಹಾ ಬರೆಸಿದ್ದರಿಂದ, ಮುಂದಿನ ದಾರಿ ಬದಲಾದರೂ ಪರ್ಮಿಟ್ ಕೆಡಲಿಲ್ಲ. ವಸಂತದಲ್ಲಿ ಹೋಗುವವರು ಮೊದಲ ರಾತ್ರಿಯ ಜಾಗವನ್ನು ಹಿಮ ಹೆಚ್ಚಿದ್ದರೂ ಕಡಿಮೆಯಿದ್ದರೂ ಮುಟ್ಟಬಹುದಾದ ಕಡೆ ಆರಿಸಿಕೊಳ್ಳಿ.

ಮಾರ್ಚ್ ಮೊದಲ ವಾರದಲ್ಲಿ ಭಾರಿ ಬಿರುಗಾಳಿ ಬಂದು ಐ-80 ಹೆದ್ದಾರಿ ಮುಚ್ಚಿತು, ಯೊಸೆಮಿಟಿ ಪಾರ್ಕ್ ಬಾಗಿಲು ಹಾಕಿತು. ಆಗ ನನಗೆ ಮೊದಲ ಸಲ ಅಳುಕು ಹುಟ್ಟಿತು. ಮಾರ್ಚ್ ಕೊನೆಯ ವಾರದಿಂದ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಮದ ಲೆಕ್ಕ ನೋಡುವುದು ರೂಢಿಯಾಯಿತು.

ಏಪ್ರಿಲ್ 2ಕ್ಕೆ ಕ್ಯಾಲಿಫೋರ್ನಿಯಾ ಜಲಸಂಪನ್ಮೂಲ ಇಲಾಖೆಯವರು ಫಿಲಿಪ್ಸ್ ಸ್ಟೇಷನ್ನಿನಲ್ಲಿ ಹಿಮ ಅಳೆದರು. ನಾವು ಹತ್ತಲು ಶುರು ಮಾಡಬೇಕಿದ್ದ ಎಕೋ ಲೇಕ್ಸ್‌ನಿಂದ ಕೆಲವೇ ಮೈಲಿ ದೂರದ ಜಾಗ ಅದು. ಹಿಮದ ಆಳ 64 ಇಂಚು, ಅದರೊಳಗಿನ ನೀರು 27.5 ಇಂಚು, ಆ ಜಾಗದ ಸರಾಸರಿಯ 113 ಪರ್ಸೆಂಟ್. ಇಡೀ ರಾಜ್ಯದ ಲೆಕ್ಕ 110 ಪರ್ಸೆಂಟ್. ಹಿಂದಿನ ವರ್ಷ, 2023ರ ಏಪ್ರಿಲಿನಲ್ಲಿ, ಅದೇ ಜಾಗದಲ್ಲಿ 126.5 ಇಂಚು ಆಳ, 54 ಇಂಚು ನೀರು ಇತ್ತು. ಯೊಸೆಮಿಟಿಯಲ್ಲಿ ಬೆಟ್ಟ ದಾಟುವ, ಚಳಿಗಾಲವೆಲ್ಲ ಮುಚ್ಚಿರುವ ಟಯೋಗಾ ರಸ್ತೆ ಆ ವರ್ಷ ತೆರೆದದ್ದು ಜುಲೈ 22ಕ್ಕೆ. ಅದಕ್ಕೇ ಹೇಳುವುದು, 'ಹೋದ ವರ್ಷ ಜೂನಿನಲ್ಲಿ ಹೋಗಿದ್ದೆವು, ಹೀಗಿತ್ತು' ಎಂದು ಯಾರಾದರೂ ಹೇಳಿದರೆ ಅದರಿಂದ ಈ ವರ್ಷದ ಬಗ್ಗೆ ಏನೂ ತಿಳಿಯುವುದಿಲ್ಲ. ತಾರೀಕು ಒಂದೇ ಆದರೂ ಬೆಟ್ಟ ಬೇರೆ.

ಆಳ ಒಂದು, ನೀರು ಒಂದು ಎಂದು ಎರಡು ಲೆಕ್ಕ ಯಾಕೆ ಎಂಬುದು ನನಗೆ ಅರ್ಥವಾದದ್ದು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ. ಅಪ್ಪನದು ಮೂಡಿಗೆರೆ ಕಡೆ ಕಾಫಿ ತೋಟ. ಮನೆಯಂಗಳದಲ್ಲಿ ಮಳೆ ಮಾಪನ ಇದೆ. ನಾನು ಕಣ್ಣು ಬಿಟ್ಟಾಗಿನಿಂದ ಅವರು ದಿನಾ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು 'ಒಂದು ಇಂಚು ಇಪ್ಪತ್ತು ಸೆಂಟ್' ಎಂದು ಪುಸ್ತಕದಲ್ಲಿ ಬರೆಯುವುದನ್ನು ನೋಡಿದ್ದೇನೆ. ಹಿಮವನ್ನೂ ಇವರು ಹಾಗೆಯೇ ಅಳೆಯುತ್ತಾರೆ: ಕರಗಿಸಿದರೆ ಎಷ್ಟು ಇಂಚು ನೀರು ನಿಲ್ಲುತ್ತದೆ ಎಂದು. ಹೊಸದಾಗಿ ಬಿದ್ದ ಹಿಮ ಹತ್ತಿಯ ಹಾಗೆ, ಆಳ ಬಹಳ, ನೀರು ಕಡಿಮೆ. ವಸಂತದ ಹಿಮ ಕುಸಿದು, ಕರಗಿ, ಮತ್ತೆ ಹೆಪ್ಪುಗಟ್ಟಿ ಭಾರವಾಗಿರುತ್ತದೆ. ಫಿಲಿಪ್ಸ್‌ನಲ್ಲಿ 64ರಲ್ಲಿ 27.5 ಎಂದರೆ ನೂರಕ್ಕೆ ನಲವತ್ತಮೂರು ಪಾಲು ನೀರು. ಅಷ್ಟು ಭಾರದ ಹಿಮ ಒಂದೆರಡು ಬಿಸಿಲಿಗೆ ಹೋಗುವುದಿಲ್ಲ. ಸುಡು ಬಿಸಿಲಿನ ದಿನದಲ್ಲೂ ಕರಗುವುದು ಸುಮಾರು ಒಂದರಿಂದ ಎರಡು ಇಂಚು ನೀರು. ಆಳ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ನೀರು ನೋಡಿ ಹಾಕಿ.

ಹಿಮಕ್ಕೆ ಕೊಳವೆ ಚುಚ್ಚಿ, ಅದರೊಳಗೆ ಬಂದ ಹಿಮ ತೂಗಿ ನೀರಿನ ಲೆಕ್ಕ ತೆಗೆಯುವ ಪದ್ಧತಿ ಈ ಟಾಹೋ ಸುತ್ತಮುತ್ತಲೇ ಬೆಳೆದದ್ದು. ಜೇಮ್ಸ್ ಚರ್ಚ್ ಎಂಬವರು ರೀನೋದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಮೇಷ್ಟರಾಗಿದ್ದವರು. ಕಳೆದ ಶತಮಾನದ ಮೊದಲ ದಶಕದಲ್ಲಿ ಮೌಂಟ್ ರೋಸ್ ಬೆಟ್ಟ ಹತ್ತಿ ಹತ್ತಿ ಈ ಕೊಳವೆಯನ್ನು ರೂಪಿಸಿದರು. ಈಗ ಅದರ ಜೊತೆಗೆ ಸ್ನೋಟೆಲ್ ಎಂಬ ತಾನೇ ತಾನಾಗಿ ಅಳೆಯುವ ಕೇಂದ್ರಗಳಿವೆ. ನೆಲದ ಮೇಲೆ ಹೆಪ್ಪುಗಟ್ಟದ ದ್ರವ ತುಂಬಿದ ದೊಡ್ಡ ದಿಂಬು, ಅದರ ಮೇಲೆ ಬಿದ್ದ ಹಿಮದ ಭಾರ ಗಂಟೆಗಂಟೆಗೆ ರವಾನೆಯಾಗುತ್ತದೆ. ನಡೆಸುವುದು ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಎಂಬ ನೆಲ-ಜಲ ಸಂರಕ್ಷಣೆಯ ವಿಭಾಗ. ಬೇಸಿಗೆಯಲ್ಲಿ ಹೊಲಕ್ಕೆ ಎಷ್ಟು ನೀರು ಬರುತ್ತದೆಂದು ತಿಳಿಯಲು ಮಾಡಿದ ಏರ್ಪಾಡು. ನಮ್ಮಂಥ ಚಾರಣಿಗರಿಗಾಗಿ ಇಟ್ಟದ್ದಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಮೇ 5, ಭಾನುವಾರ. ಎರಡು ವಾರ ಒಳ್ಳೆ ಬಿಸಿಲು ಕಂಡು ನಾವು ಹಗುರಾಗಿದ್ದೆವು. ಅವತ್ತು ಡಾನರ್ ಸಮ್ಮಿಟ್ ಹತ್ತಿರದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನೋ ಲ್ಯಾಬ್‌ನಲ್ಲಿ 24 ಗಂಟೆಯಲ್ಲಿ 26.4 ಇಂಚು ಹಿಮ ಬಿತ್ತು. ಇಡೀ ಚಳಿಗಾಲದಲ್ಲಿ ಒಂದೇ ದಿನ ಅಷ್ಟು ಬಿದ್ದಿರಲಿಲ್ಲ, ಮೇ ತಿಂಗಳಲ್ಲಿ ಬಿತ್ತು! ವಾರಗಿತ್ತಿ ಫೋನ್ ಮಾಡಿ, "ಅಕ್ಕಾ, ಕ್ಯಾನ್ಸಲ್ ಮಾಡೋಣ್ವಾ?" ಅಂದಳು. ನನಗೂ ಕೈಕಾಲು ಆಡಲಿಲ್ಲ. ಆದರೆ ಒಂದು ವಾರ ಕಾದೆವು. ಹೊಸ ಹಿಮ ಬಂದಷ್ಟೇ ಬೇಗ ಕರಗಿತು. ಮೇ ತಿಂಗಳ ಒಂದು ಬಿರುಗಾಳಿಗೆ ಹೆದರಿ ರದ್ದು ಮಾಡಬೇಡಿ. ಏಪ್ರಿಲಿನ ಹಳೆಯ ಹಿಮವೇ ನಿಜವಾದ ಹಿಮ.

ಮೇ ಮೂರನೇ ವಾರದಲ್ಲಿ ನಾವು ದೊಡ್ಡದಾಗಿ ಎಡವಿದೆವು. ಮೈದುನ ರಾತ್ರಿ ಒಂಬತ್ತಕ್ಕೆ ಮನೆಗೇ ಬಂದ, ಲ್ಯಾಪ್‌ಟಾಪ್ ಹಿಡಿದುಕೊಂಡು.

"ಅತ್ತಿಗೆ, ಸ್ನೋ ಸೊನ್ನೆ! ನೋಡಿ, ಡೆಸೊಲೇಷನ್ ಪಕ್ಕದಲ್ಲೇ ಇದೆ ಈ ಸ್ಟೇಷನ್ನು. ಫಾಲನ್ ಲೀಫ್. ಒಂದು ಇಂಚೂ ಇಲ್ಲ."

ಮ್ಯಾಪಿನಲ್ಲಿ ನೋಡಿದರೆ ನಮ್ಮ ದಾರಿಗೆ ನಾಲ್ಕು ಬೆರಳಿನಷ್ಟು ಹತ್ತಿರ. ನನ್ನ ಗಂಡ ಅಷ್ಟಕ್ಕೇ ಖುಷಿಯಾಗಿ ಟೆಂಟ್ ಹೊರತೆಗೆದರು. ನಾನೂ ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಹೇಳಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದು ಎಷ್ಟು ಎತ್ತರದಲ್ಲಿದೆ ಮಗಾ? ಮನೆ ಹತ್ತಿರ ಹೂಮಳೆ ಆಯ್ತು ಅಂತ ಗುಡ್ಡದ ತೋಟಕ್ಕೂ ಆಗಿರುತ್ತೆ ಅನ್ನಕ್ಕಾಗಲ್ಲ."

ತೆಗೆದು ನೋಡಿದೆ. ಫಾಲನ್ ಲೀಫ್ ಕೇಂದ್ರ ಇರುವುದು ಸುಮಾರು 6,200 ಅಡಿಯಲ್ಲಿ. ನಾವು ಶುರು ಮಾಡುವ ಎಕೋ ಲೇಕ್ಸ್ 7,400 ಅಡಿ. ಅಲೋಹಾ 8,100. ಡಿಕ್ಸ್ ಪಾಸ್ 9,400. ಅಂದರೆ ನಾವು ಹತ್ತಲು ಶುರು ಮಾಡುವ ಜಾಗಕ್ಕಿಂತಲೂ ಸಾವಿರ ಅಡಿ ಕೆಳಗಿನ ಲೆಕ್ಕ ಹಿಡಿದು ಕುಣಿಯುತ್ತಿದ್ದೆವು. ಬೆನ್ನಿನಲ್ಲಿ ತಣ್ಣಗಾಯಿತು. ಆಮೇಲೆ ಎಕೋ ಪೀಕ್ ಮತ್ತು ರೂಬಿಕಾನ್ ಎಂಬ ಎರಡು ಕೇಂದ್ರ ಹಿಡಿದೆವು, ಎರಡೂ 7,600 ಅಡಿಯ ಆಸುಪಾಸು. ಅಲ್ಲಿ ಇನ್ನೂ ಹಿಮ ಇತ್ತು, ಗ್ರಾಫಿನ ಗೆರೆ ಜಾರುಬಂಡೆಯ ಹಾಗೆ ಇಳಿಯುತ್ತಿತ್ತು. ಆದರೆ ಅವೂ ಪಾಸ್‌ಗಿಂತ ಸಾವಿರದ ಎಂಟುನೂರು ಅಡಿ ಕೆಳಗೇ.

ಇನ್ನೊಂದು ಮಾತು. ಮೇ ಕೊನೆಯ ಹೊತ್ತಿಗೆ 'ಸರಾಸರಿಯ ಇಷ್ಟು ಪರ್ಸೆಂಟ್' ಎಂಬ ಬಣ್ಣಬಣ್ಣದ ನಕ್ಷೆಗಳನ್ನು ನಂಬಬೇಡಿ. ಆ ದಿನಕ್ಕೆ ವಾಡಿಕೆಯಂತೆ ಅರ್ಧ ಇಂಚು ಉಳಿದಿರಬೇಕಾದ ಕಡೆ ಒಂದು ಇಂಚು ಉಳಿದಿದ್ದರೆ ನಕ್ಷೆ 200 ಪರ್ಸೆಂಟ್ ಎನ್ನುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಪರ್ಸೆಂಟ್ ಬಿಟ್ಟು ಇಂಚು ನೋಡಿ.

ಪಾಸ್ ಮೇಲೆ ಅಳೆಯುವ ಕೇಂದ್ರ ಇಲ್ಲ. ಹಾಗಾದರೆ ಕಣ್ಣಿನಿಂದಲೇ ನೋಡಬೇಕು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಐದು ದಿನಕ್ಕೊಮ್ಮೆ ಹೊಸ ಚಿತ್ರ, ಒಂದೊಂದು ಚುಕ್ಕೆ ನೆಲದ ಹತ್ತು ಮೀಟರ್. ಬರುವ ದಿನ ಮೋಡ ಮುಚ್ಚಿದರೆ ಮತ್ತೆ ಐದು ದಿನ ಕಾಯಬೇಕು. ನಮಗೆ ಹಾಗೆ ಒಂದು ಸಲ ಆಯಿತು, ಆ ಐದು ದಿನ ಹತ್ತು ದಿನದ ಹಾಗೆ ಕಳೆಯಿತು. ಕೊನೆಗೆ ಮೇ ಅಂತ್ಯದಲ್ಲಿ ಶುಭ್ರವಾದ ಚಿತ್ರ ಸಿಕ್ಕಿತು. ಊಟದ ಮೇಜಿನ ಸುತ್ತ ನಾಲ್ವರೂ ತಲೆಗೆ ತಲೆ ತಾಗಿಸಿ ನೋಡಿದೆವು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳು ಬೂದು ಬಣ್ಣಕ್ಕೆ ತಿರುಗಿದ್ದವು, ಬಂಡೆ ಎದ್ದು ಕಾಣುತ್ತಿತ್ತು. ಡಿಕ್ಸ್ ಪಾಸ್‌ನ ಹತ್ತುವ ಭಾಗ ಅಂಥದ್ದೇ. ಇಳಿಯುವ ಭಾಗ ಉತ್ತರಕ್ಕೆ ಮುಖ ಮಾಡಿದೆ. ಅದು ಪೂರ್ತಿ ಬೆಳ್ಳಗಿತ್ತು, ಸುಣ್ಣ ಬಳಿದ ಗೋಡೆಯ ಹಾಗೆ.

ಒಂದೇ ಬೆಟ್ಟ, ಒಂದೇ ಎತ್ತರ, ಒಂದೇ ದಿನ. ಬಿಸಿಲು ಬೀಳುವ ಮಗ್ಗುಲು ಒಣಗಿತ್ತು, ಬೀಳದ ಮಗ್ಗುಲಲ್ಲಿ ಚಳಿಗಾಲ ಉಳಿದಿತ್ತು. 'ಹಿಮ ಎಷ್ಟಿದೆ' ಎಂದು ಅಷ್ಟು ದಿನ ಕೇಳಿದ್ದೇ ತಪ್ಪು ಪ್ರಶ್ನೆ ಎಂದು ನನಗೆ ಆಗ ಹೊಳೆಯಿತು. ಯಾವ ಎತ್ತರದಲ್ಲಿದೆ, ಯಾವ ದಿಕ್ಕಿನಲ್ಲಿದೆ, ಎಷ್ಟು ಕಡಿದಾದ ಜಾಗದಲ್ಲಿದೆ, ನಾವು ಅಲ್ಲಿಗೆ ಮುಟ್ಟುವ ಹೊತ್ತಿನಲ್ಲಿ ಗಟ್ಟಿಯಾಗಿರುತ್ತದೋ ಮೆತ್ತಗಿರುತ್ತದೋ, ಕೇಳಬೇಕಾದದ್ದು ಇದನ್ನು. ಮರದ ಕೆಳಗಿನ ಹಿಮ ಉಪಗ್ರಹಕ್ಕೆ ಕಾಣುವುದಿಲ್ಲ ಎಂಬುದೂ ತಿಳಿದಿರಲಿ. ಚಿತ್ರದಲ್ಲಿ ಹಸಿರಾಗಿ ಕಂಡ ಕಾಡಿನೊಳಗೆ ನಮಗೆ ಸೊಂಟದೆತ್ತರದ ಹಿಮದ ದಿಬ್ಬಗಳು ಸಿಕ್ಕವು. ಕ್ಯಾಲ್‌ಟೊಪೊ ಎಂಬ ಆನ್‌ಲೈನ್ ನಕ್ಷೆಯಲ್ಲಿ ಇಳಿಜಾರಿನ ಕೋನವನ್ನು ಬಣ್ಣದಲ್ಲಿ ತೋರಿಸುತ್ತಾರೆ. ಆ ಬಣ್ಣವನ್ನೂ ಉಪಗ್ರಹದ ಬಿಳುಪನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಅಪಾಯ ಎಲ್ಲಿದೆ ಎಂದು ಮನೆಯಲ್ಲೇ ತಿಳಿಯುತ್ತದೆ.

ಫೋನ್ ಮಾಡಿ ವಿಚಾರಿಸೋಣವೆಂದು ಹೊರಟರೆ ಅದೂ ಒಂದು ಕಥೆ. ಒಂದು ಕಡೆ ಇಪ್ಪತ್ತೈದು ನಿಮಿಷ ಕಾಯಿಸಿ, ಕೊನೆಗೆ ಧ್ವನಿಮುದ್ರಿತ ಮಾಹಿತಿ ಕೇಳಿಸಿದರು. ಅದರಲ್ಲಿ ಹೇಳಿದ ತಾರೀಕು ಒಂದು ತಿಂಗಳು ಹಳೆಯದು. ಬೇಸರಕ್ಕಿಂತ ಹೆಚ್ಚಾಗಿ ಭಯವಾಯಿತು, ಅದನ್ನೇ ನಂಬಿ ಹೊರಡುವವರು ಎಷ್ಟು ಜನರಿರಬಹುದು ಎಂದು. ಮೂರನೇ ದಿನ ಒಬ್ಬ ರೇಂಜರ್ ಹೆಂಗಸು ಸಿಕ್ಕರು. "ಸೇಫಾ?" ಎಂದು ಕೇಳಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನಮ್ಮ ಅನುಭವ ಎಷ್ಟು, ಐಸ್ ಆಕ್ಸ್ (ಹಿಮಕ್ಕೆ ಊರಿ ಹಿಡಿಯುವ ಕೊಡಲಿ) ಹಿಡಿದು ಗೊತ್ತೇ ಎಂದು ಅವರೇ ನನ್ನನ್ನು ಕೇಳಿದರು. ಆಗ ನಾನು ಪ್ರಶ್ನೆ ಬದಲಿಸಿದೆ. ನಿಮ್ಮವರು ಕೊನೆಯದಾಗಿ ಎಲ್ಲಿಯವರೆಗೆ ಹೋಗಿದ್ದರು, ಯಾವತ್ತು? ಹಿಮ ತೇಪೆ ತೇಪೆಯಾಗಿ ಶುರುವಾಗುವುದು ಎಲ್ಲಿ, ಎಲ್ಲಿಂದ ಮುಂದೆ ಎಡೆಬಿಡದೆ ಇದೆ? ತೊರೆ ದಾಟಲು ಕಷ್ಟವಾದದ್ದು ಎಲ್ಲಿ? ಈ ಪ್ರಶ್ನೆಗಳಿಗೆ ಅವರು ಬಿಡಿಸಿ ಬಿಡಿಸಿ ಉತ್ತರ ಕೊಟ್ಟರು. ಎಂಟು ಸಾವಿರ ಅಡಿ ಹತ್ತಿರ ತೇಪೆಗಳು ಶುರು, ಹೆದರ್ ಕೆರೆಯ ಮೇಲಿನ ಅಡ್ಡಹಾದಿಯಲ್ಲಿ ನೋಡಿಕೊಂಡು ಹೋಗಿ, ಪಾಸ್‌ನ ಉತ್ತರ ಮಗ್ಗುಲಿಗೆ ಆಕ್ಸ್ ಮತ್ತು ಕ್ರಾಂಪಾನ್ (ಬೂಟಿಗೆ ಕಟ್ಟುವ ಉದ್ದ ಮೊಳೆಗಳ ಚೌಕಟ್ಟು) ಇಲ್ಲದೆ ನಾನಾದರೆ ಹೋಗುವುದಿಲ್ಲ ಎಂದರು. ಅವರಿಗೆ ನಾನು ಋಣಿ.

ಬೇರೆಯವರು ಬರೆದ ಅನುಭವ ಓದುವಾಗಲೂ ಇದೇ ಎಚ್ಚರ ಬೇಕು. 'ಆರಾಮಾಗಿ ದಾಟಿದೆವು' ಎಂದು ಬರೆದವರು ಮೆಕ್ಸಿಕೋ ಗಡಿಯಿಂದ ಪಿಸಿಟಿ (ಪೆಸಿಫಿಕ್ ಕ್ರೆಸ್ಟ್ ಟ್ರೇಲ್) ಎಂಬ ದೂರದ ಚಾರಣದ ದಾರಿ ನಡೆಯುತ್ತಾ ಬಂದವರಿರಬಹುದು. ಅವರಿಗೆ ಆರಾಮಾದದ್ದು ನಮಗೆ ಆರಾಮಲ್ಲ. ಫೋಟೊ ಇದ್ದರೆ ಕಾಲಿಗೆ ಏನು ಕಟ್ಟಿದ್ದಾರೆ, ನೆರಳು ಯಾವ ಕಡೆ ಬಿದ್ದಿದೆ ನೋಡಿ.

ಜೂನ್ 4, ಮಂಗಳವಾರ. ಆ ವಾರ ಸ್ಯಾಕ್ರಮೆಂಟೊ ಕಣಿವೆಯಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವ ಸೆಕೆ. ಸೆಕೆ ಬಂದರೆ ಹಿಮ ಬೇಗ ಕರಗುತ್ತದೆ, ಒಳ್ಳೆಯದೇ ಅಲ್ಲವೇ ಎಂದು ನನ್ನ ಗಂಡ. ಹಾಗಲ್ಲ. ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಿಮ ಸಿಮೆಂಟಿನ ಹಾಗಿರುತ್ತದೆ, ಬೂಟಿಗೆ ಸ್ಪೈಕ್ (ಸಣ್ಣ ಮೊಳೆಗಳ ಸರಪಳಿ) ಹಾಕಿಕೊಂಡು ಸಲೀಸಾಗಿ ನಡೆಯಬಹುದು. ರಾತ್ರಿಯೂ ಬೆಚ್ಚಗಿದ್ದರೆ ಬೆಳಿಗ್ಗೆಯಿಂದಲೇ ಗಂಜಿಯಾಗಿ ಕಾಲು ಹೂತುಹೋಗುತ್ತದೆ. ನ್ಯಾಷನಲ್ ವೆದರ್ ಸರ್ವಿಸ್‌ನ ನಕ್ಷೆಯಲ್ಲಿ ಊರಿನ ಹೆಸರು ಹುಡುಕಬೇಡಿ, ಬೆಟ್ಟದ ಮೇಲೆಯೇ ಒತ್ತಿ. ಆ ಎತ್ತರದ ಮುನ್ಸೂಚನೆ ಬರುತ್ತದೆ. ನಮಗೆ ಬಂದದ್ದು ಎರಡೂ ರಾತ್ರಿ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲೆ.

ಆ ರಾತ್ರಿ ಮೇಜಿನ ಮುಂದೆ ತೀರ್ಮಾನವಾಯಿತು. ಡಿಕ್ಸ್ ಪಾಸ್ ಬಿಡುವುದು. ಅಲೋಹಾದಲ್ಲಿ ಎರಡು ರಾತ್ರಿ, ಹೋದ ದಾರಿಯಲ್ಲೇ ವಾಪಸ್. ನನ್ನ ಗಂಡನ ಮುಖ ಸಪ್ಪೆಯಾಯಿತು. ಐದು ತಿಂಗಳಿಂದ ಅವರು ಕಾದದ್ದು ಆ ಪಾಸ್‌ಗಾಗಿಯೇ. ಹೆಚ್ಚು ಮಾತಾಡದೆ ಎದ್ದು ಹೋಗಿ ಪಾತ್ರೆ ತೊಳೆದರು. ಮೈದುನ ಒಂದು ಕಾಗದದಲ್ಲಿ ಮೂರು ಸಾಲು ಬರೆದ, ನಾಲ್ವರೂ ಒಪ್ಪಿದೆವು: ಜಾರಿದರೆ ನೀರಿಗೋ ಬಂಡೆಗೋ ಬೀಳುವಂಥ ಕಡೆ ದಾಟುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಹಿಮದ ಮೇಲೆ ನಡೆಯುವುದಿಲ್ಲ. ಒಬ್ಬರು ಬೇಡ ಎಂದರೆ ನಾಲ್ವರೂ ತಿರುಗುವುದು.

ಖರ್ಚು ಕೇಳುವವರಿಗೆ: ಮೈಕ್ರೋಸ್ಪೈಕ್ ಒಂದು ಜೊತೆಗೆ ಎಪ್ಪತ್ತು ಡಾಲರ್ ಮೇಲೆ, ಇಬ್ಬರಿಗೆ ಕೊಂಡೆವು, ಇಬ್ಬರಿಗೆ ಸ್ನೇಹಿತರದು ಸಿಕ್ಕಿತು. ಕರಡಿ ತೆರೆಯಲಾಗದ ಡಬ್ಬಿ ಇಲ್ಲಿ 2022ರಿಂದ ಕಡ್ಡಾಯ. ಒಂದಕ್ಕೆ ಎಂಬತ್ತು ಡಾಲರ್ ಮೇಲೆ, ಬಾಡಿಗೆಗೂ ಸಿಗುತ್ತದೆ. ನಾಲ್ಕು ಜನರ ಮೂರು ದಿನದ ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ ಎಲ್ಲಾ ಎರಡು ಡಬ್ಬಿಯಲ್ಲಿ ಹಿಡಿಸಲು ಅರ್ಧ ದಿನ ಬೇಕಾಯಿತು. ಸೌದೆ ಬೆಂಕಿಗೆ ಅನುಮತಿ ಇಲ್ಲ, ಗ್ಯಾಸ್ ಸ್ಟೋವ್ ಮಾತ್ರ.

ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಎಕೋ ಕೆರೆಗಳ ಪಕ್ಕದ ದಾರಿ ಒಣಗಿತ್ತು, ಬಿಸಿಲು ಚುರುಕಾಗಿತ್ತು. ಹಿಮ ಸರಿದ ನೆಲದಿಂದ ಸ್ನೋ ಪ್ಲಾಂಟ್ ಎಂಬ ಗಿಡ ಎದ್ದಿತ್ತು, ಎಲೆಯೇ ಇಲ್ಲದ ಕಡುಗೆಂಪು ಮೊಳಕೆ. ಕುಂಕುಮದ ಭರಣಿ ಯಾರೋ ಮರೆತುಹೋದ ಹಾಗೆ ಕಂಡಿತು. ಟಾಮರಾಕ್ ಕೆರೆಯ ತಿರುವು ದಾಟಿ ಮೇಲೇರಿದ ಮೇಲೆ ಮೊದಲ ತೇಪೆ. ಆಮೇಲೆ ಹೇಪ್ರೆಸ್ ಹುಲ್ಲುಗಾವಲಿನ ಕಡೆ ನೆರಳಿನಲ್ಲಿ ಎಡೆಬಿಡದ ಹಿಮ. ಅದರ ಮೇಲ್ಮೈ ನಮ್ಮ ಪಡ್ಡು ಕಾವಲಿಯ ಹಾಗೆ, ಸಾಲು ಸಾಲು ಗುಳಿ. ಒಂದೊಂದು ಗುಳಿಯ ಅಂಚಿನ ಮೇಲೆ ಹೆಜ್ಜೆ ಹುಡುಕಿಕೊಂಡು ನಡೆಯುವಾಗ ಗಂಟೆಗೆ ಒಂದು ಮೈಲಿ ಸಾಗಿದರೆ ಹೆಚ್ಚು. ಒಣ ದಾರಿಯ ಲೆಕ್ಕದಲ್ಲಿ ಸಮಯ ಹಾಕಿಕೊಳ್ಳಬೇಡಿ, ಎರಡರಷ್ಟು ಇಟ್ಟುಕೊಳ್ಳಿ.

ಹಾದಿ ಹಿಮದಡಿ ಮಾಯವಾಗಿತ್ತು. ಹೆಜ್ಜೆ ಗುರುತು ಕಂಡು ಹಿಂಬಾಲಿಸಿದೆವು. ಹತ್ತು ನಿಮಿಷದ ಮೇಲೆ ಅದು ಒಂದು ಬಂಡೆಯ ಹತ್ತಿರ ನಿಂತುಬಿಟ್ಟಿತ್ತು. ಅವರೂ ದಾರಿ ತಪ್ಪಿದವರೇ. ಫೋನಿನಲ್ಲಿ ಇಳಿಸಿಕೊಂಡಿದ್ದ ನಕ್ಷೆ ತೆಗೆದು ಮತ್ತೆ ದಾರಿಗೆ ಬಂದೆವು. ಹಿಮದ ಮೇಲಿನ ಹೆಜ್ಜೆ ನೋಡಿ ನಂಬಬೇಡಿ, ನಕ್ಷೆ ನೋಡಿ ನಡೆಯಿರಿ.

ಹನ್ನೊಂದೂವರೆಗೆ ನನ್ನ ಬಲಗಾಲು ಹೋಯಿತು. ಅರ್ಧ ಮೇಲೆದ್ದಿದ್ದ ಒಂದು ಬಂಡೆಯ ಪಕ್ಕ ಹೆಜ್ಜೆಯಿಟ್ಟಿದ್ದೆ. ಬಿಸಿಲಿಗೆ ಬಂಡೆ ಕಾದು ಸುತ್ತಲಿನ ಹಿಮ ಒಳಗಿಂದ ಕರಗಿ ಟೊಳ್ಳಾಗಿರುತ್ತದೆ, ಮೇಲೆ ತೆಳ್ಳನೆಯ ಹೊದಿಕೆ ಮಾತ್ರ. ತೊಡೆಯವರೆಗೆ ಇಳಿದೆ. ಕಾಲು ನೆಲಕ್ಕೆ ತಾಗಲಿಲ್ಲ, ಬಂಡೆಗೂ ಹಿಮಕ್ಕೂ ನಡುವೆ ಸಿಕ್ಕಿಕೊಂಡಿತು. ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳುತ್ತಿತ್ತು, ಪೈಪಿನೊಳಗೆ ಕೇಳಿದ ಹಾಗೆ. ಎಳೆದರೆ ಬರಲಿಲ್ಲ. ವಾರಗಿತ್ತಿ ನನ್ನ ಬ್ಯಾಗ್ ಬಿಚ್ಚಿಕೊಂಡಳು, ನನ್ನ ಗಂಡ ಮೊಣಕಾಲೂರಿ ಸಣ್ಣ ಸನಿಕೆಯಿಂದ ಹಿಮ ಕೆತ್ತಿದರು. ಹತ್ತು ನಿಮಿಷದ ಮೇಲೆ ಕಾಲು ಹೊರಬಂತು, ಪ್ಯಾಂಟ್ ಹರಿದು ಚರ್ಮ ಸುಲಿದಿತ್ತು. ಬಿಳಿ ಹಿಮದ ಮೇಲೆ ನಾಲ್ಕೈದು ಹನಿ ರಕ್ತ. ಹಳೆಯ ಹಿಮದ ಅಂಚು ಒಡೆದ ಗಾಜಿನಷ್ಟು ಹರಿತ. ಉದ್ದ ಪ್ಯಾಂಟ್ ಹಾಕಿಕೊಳ್ಳಿ, ಬಂಡೆ ಮತ್ತು ಮರದ ಬುಡದಿಂದ ಒಂದು ಮಾರು ದೂರ ನಡೆಯಿರಿ.

ಅಲೋಹಾ ಕೆರೆಯ ಪಕ್ಕ ಒಣಗಿದ ಬಂಡೆಯ ಮೇಲೆ ಟೆಂಟ್ ಹಾಕಿದಾಗ ಒಂದೂವರೆ. ಕೆರೆಯ ಅಂಚಿನಲ್ಲಿ ನೀಲಿ ನೀರು, ನಡುವೆ ಇನ್ನೂ ಬಿಳಿ ಹೆಪ್ಪು. ನಾವು ಬಂದಾಗ ಪಾದ ಮುಳುಗುವಷ್ಟಿದ್ದ ಪಕ್ಕದ ತೊರೆ ಸಂಜೆ ಆರಕ್ಕೆ ಮೊಣಕಾಲಿಗೆ ಬಂದಿತ್ತು. ಹಗಲು ಕರಗಿದ ನೀರು ಇಳಿದು ಬರುವುದು ಸಂಜೆಗೆ, ಹಾಗಾಗಿ ತೊರೆ ದಾಟುವುದಿದ್ದರೆ ಬೆಳಿಗ್ಗೆ ದಾಟಿ.

ಶನಿವಾರ ಐದೂವರೆಗೆ ಎದ್ದು ಹೆದರ್ ಕೆರೆಯವರೆಗಾದರೂ ನೋಡಿ ಬರೋಣವೆಂದು ಹೊರಟೆವು. ಗಾಳಿ ತಣ್ಣಗಿರಲಿಲ್ಲ, ಆದರೂ ಮೋಡವಿಲ್ಲದ ರಾತ್ರಿಯಾದ್ದರಿಂದ ಹಿಮ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಮೇಲೊಂದು ಪದರ ಗಟ್ಟಿಯಾಗಿತ್ತು. ಸ್ಪೈಕ್ ಕಚ್ಚುವ ಕರಕರ ಸದ್ದು ಕೇಳಿ ಧೈರ್ಯ ಬಂತು. ರೇಂಜರ್ ಹೇಳಿದ ಅಡ್ಡಹಾದಿ ಬಂತು. ಹಾದಿ ಎಲ್ಲಿದೆಯೆಂದೇ ಕಾಣದ ಹಾಗೆ ಇಡೀ ಇಳಿಜಾರು ಹಿಮ, ಮನೆಯ ಮಾಡಿನಷ್ಟು ಕಡಿದು, ಕೆಳಗೆ ನೇರ ಕೆರೆ. ದಾಟಬೇಕಾದದ್ದು ಬರೀ ನಲವತ್ತು ಹೆಜ್ಜೆ.

"ಇನ್ನೊಂದು ಹತ್ತು ಹೆಜ್ಜೆ ಹಾಕಿ ನೋಡೋಣ," ಎಂದರು ನನ್ನ ಗಂಡ.

"ಬೇಡ ಕಣ್ರೀ. ಕಾಗದದಲ್ಲಿ ಬರೆದಿದೀವಿ."

ಅವರು ಸ್ವಲ್ಪ ಹೊತ್ತು ಕೆರೆಯನ್ನೇ ನೋಡುತ್ತಾ ನಿಂತರು. ಆಮೇಲೆ ತಿರುಗಿದರು. ಮನೆಯಲ್ಲಿ ಕೂತು, ತಲೆ ತಣ್ಣಗಿರುವಾಗ ಬರೆದಿಟ್ಟಿದ್ದರಿಂದಲೇ ಅಲ್ಲಿ ಜಗಳವಾಗಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ಇಬ್ಬರು ಹುಡುಗರು ಬಂದರು, ಕೈಯಲ್ಲಿ ಐಸ್ ಆಕ್ಸ್, ಕಾಲಿಗೆ ಕ್ರಾಂಪಾನ್. ಹಿಂದಿನ ದಿನ ಡಿಕ್ಸ್ ಪಾಸ್ ಉತ್ತರ ಮಗ್ಗುಲಿನಿಂದ ಹತ್ತಿದವರು. ಮೇಲಿನ ಭಾಗದಲ್ಲಿ ಹೆಜ್ಜೆ ಕಡಿದುಕೊಂಡು ಹತ್ತಬೇಕಾಯಿತಂತೆ, ಮಧ್ಯಾಹ್ನವಾಗುತ್ತಿದ್ದಂತೆ ಕಾಲಡಿಯ ಹಿಮ ಜಾರತೊಡಗಿತಂತೆ. ನಾವು ಆ ದಾರಿಯನ್ನು ಇಳಿಯುವ ಯೋಚನೆಯಲ್ಲಿದ್ದೆವು, ಅದೂ ಸಂಜೆಯ ಹೊತ್ತಿಗೆ. ವಾರಗಿತ್ತಿ ನನ್ನ ಕೈ ಹಿಡಿದುಕೊಂಡಳು.

ಉಳಿದ ಹೊತ್ತನ್ನೆಲ್ಲ ಅಲೋಹಾದ ಬಂಡೆಗಳ ಮೇಲೆ ಕಳೆದೆವು. ಭಾನುವಾರ ಬೆಳಿಗ್ಗೆ ಆರಕ್ಕೆ ಟೆಂಟ್ ಕಿತ್ತು, ಹಿಮ ಮೆತ್ತಗಾಗುವ ಮೊದಲೇ ಒಣ ನೆಲ ಮುಟ್ಟಿದೆವು. ಎರಡನೇ ಕಾರು ಎಮರಾಲ್ಡ್ ಬೇ ಕಡೆ ಬಿಡುವ ಗೋಜಿಲ್ಲದ್ದರಿಂದ ಅದರ ಪೆಟ್ರೋಲ್ ಉಳಿಯಿತು.

ಇವತ್ತು, ಜೂನ್ 10ಕ್ಕೆ, ಟಯೋಗಾ ರಸ್ತೆ ತೆರೆದಿದ್ದಾರೆ. ಮೈದುನ ಬೆಳಿಗ್ಗೆಯೇ ಜುಲೈ 26ರ ಶುಕ್ರವಾರಕ್ಕೆ ಪರ್ಮಿಟ್ ಹುಡುಕಲು ಶುರು ಮಾಡಿದ್ದಾನೆ. ಈ ಸಲ ಎಮರಾಲ್ಡ್ ಬೇ ಕಡೆಯಿಂದ ಹೊರಟು, ಡಿಕ್ಸ್ ಪಾಸ್‌ನ ಉತ್ತರ ಮಗ್ಗುಲನ್ನು ಬೆಳಗಿನ ಹೊತ್ತು ಹತ್ತುವ ಹಾಗೆ. ನನ್ನ ಗಂಡ ಗ್ಯಾರೇಜಿನಲ್ಲಿ ಸ್ಪೈಕುಗಳಿಗೆ ಎಣ್ಣೆ ಹಚ್ಚುತ್ತಿದ್ದಾರೆ. ನಾನು ಉಪಗ್ರಹದ ಮುಂದಿನ ಚಿತ್ರ ಬರುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.